ಡಂಕಣ್ಣನ ಗ್ಲೌಸು

ಆ ಕಾಲದಲ್ಲಿ ಹುಣಸೂರಿನ ಗುರುಪುರದ ಕಡೆ ಆಗಸ್ಟ್ ಬಂತೆಂದರೆ ನಮ್ಮ ಅಂಗೈಗಳೆಲ್ಲ ಕರ್ರಗಾಗುತ್ತಿದ್ದವು. ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬೇಯಿಸಲು ಬ್ಯಾರನ್ ಎಂಬ ಬೆಂಕಿಮನೆಗೆ ಏರಿಸುವ ದಿನಗಳು. ಸೊಪ್ಪಿನ ಅಂಟು ಸೋಪಿಗೆ ಜಗ್ಗುತ್ತಿರಲಿಲ್ಲ, ತಿಂದ ಮುದ್ದೆಯೂ ಕಹಿ. ನನಗೆ ಮಾತ್ರ ಆ ಅಂಟೆಂದರೆ ಪ್ರಾಣ. ನಾನು ಸ್ಕೂಲಿನ ಹುಡುಗಿಯರ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಕೈಗೆ ಬಂದ ಚೆಂಡು ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಆ ವರ್ಷ ಹುಣಸೂರಿನ ಸೊಪ್ಪಿನ ವ್ಯಾಪಾರಿಯೊಬ್ಬರು ನಮ್ಮ ಟೀಮಿಗೆ ಆಟ ಕಲಿಸಲೆಂದು ಸ್ಕಾಟ್ಲೆಂಡಿನ ಹಳೇ ಆಟಗಾರನೊಬ್ಬನನ್ನು ಕರೆಸಿದರು. ಹೆಸರು ಡಂಕನ್, ನಮ್ಮ ಬಾಯಲ್ಲಿ ಡಂಕಣ್ಣ. ಬಿಳಿ ತೊಗಲು ಕಂಡರೆ ಹಲ್ಲು ಗಿಂಜುವ ನಮ್ಮ ಜನ ಅವನಿಗೆ ಮೈಸೂರು ಪೇಟ ತೊಡಿಸಿ ಮೆರೆಸಿದ್ದೇ ಮೆರೆಸಿದ್ದು! ಆಟ ಕಲಿಸುವುದಕ್ಕಿಂತ ತನ್ನ ಪುರಾಣ ಹೇಳುವುದೇ ಅವನಿಗೆ ಹೆಚ್ಚು. ಇಂಗ್ಲಿಷ್ ಬಲ್ಲ, ಟಿಬೆಟನ್ ಕ್ಯಾಂಪಿನ ನನ್ನ ಗೆಳತಿ ಪೇಮಾ ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ಮಂಡಿ ಮುರ್ಕಂಡು ಆಟ ಬುಟ್ನಂತೆ ಕಣೇ. ಆಮೇಲೆ ಮಾಲ್ಟಾದಲ್ಲಿ ಮ್ಯಾನೇಜರಂತೆ, ಆಮೇಲೆ ಓಮನ್, ಆಮೇಲೆ ಮಲೇಷ್ಯಾ."

"ಅಲ್ಲಿಂದೆಲ್ಲ ಯಾಕ್ ಓಡ್ಸುದ್ರಂತೆ?"

"ಅದೊಂದ್ ಮಾತ್ರ ಯೋಳಾಕಿಲ್ಲ."

ಕೆ.ಆರ್. ನಗರದವರ ಮೇಲೆ ಹುಣಸೂರಿನಲ್ಲಿ ಪಂದ್ಯ. ಗೆದ್ದರೆ ನಮ್ಮಲ್ಲಿ ಇಬ್ಬರಿಗೆ ಮೈಸೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಒಂದು ನನ್ನದೇ ಎಂದು ಅವ್ವ ಆಗಲೇ ಟ್ರಂಕು ಒರೆಸಿಟ್ಟಿದ್ದಳು. ಆಟ ಶುರುವಾಗುವ ಹೊತ್ತಿಗೆ ಡಂಕಣ್ಣ ನನ್ನ ಅಂಗೈ ನೋಡಿ ಮೂಗು ಮುರಿದ. ಬ್ಯಾಗಿನಿಂದ ತನ್ನ ಹಳೇ ಗ್ಲೌಸು ತೆಗೆದು ನನ್ನತ್ತ ಎಸೆದ.

"ಕೈ ಗಲೀಜಂತೆ, ಇದ್ನ ಆಕ್ಕೊಬೇಕಂತೆ," ಎಂದಳು ಪೇಮಾ.

"ಗಲೀಜಲ್ಲ, ಸೊಪ್ಪಿನ ಅಂಟು ಅಂತ ಯೋಳೇ! ಅದಿದ್ರೇನೇ ಬಾಲ್ ಇಡ್ಕೊಳಾದು!"

"ಯೋಳ್ದೆ ಕಣೇ. ನಂಗೇ ಬುದ್ಧಿ ಯೋಳ್ತೀಯಾ ಅಂತವ್ನೆ."

ಹಾಕಿಕೊಂಡೆ. ಹನ್ನೆರಡು ವರ್ಷದವಳ ಕೈ, ಆರಡಿ ಆಳಿನ ಗ್ಲೌಸು. ಒಳಗೆ ಬೆರಳುಗಳು ದಿಕ್ಕೆಟ್ಟು ಅಲೆಯುತ್ತಿದ್ದವು. ಕೊನೆಗಳಿಗೆಯವರೆಗೆ ಕಾಲಲ್ಲಿ, ಎದೆಯಲ್ಲಿ ಹೇಗೋ ತಡೆದೆ. ಆಮೇಲೊಂದು ಬಡಪಾಯಿ ಚೆಂಡು, ನಮ್ಮಜ್ಜಿಯೂ ಹಿಡಿಯಬಹುದಾಗಿದ್ದ ಚೆಂಡು, ಗ್ಲೌಸಿನಿಂದ ಜಾರಿ ಒಳಗೆ ಹೋಯಿತು. ಸೋತೆವು. ಡಂಕಣ್ಣ ವ್ಯಾಪಾರಿಯ ಹೆಗಲ ಮೇಲೆ ಕೈಹಾಕಿ, ನನ್ನತ್ತ ಬೆರಳು ತೋರಿಸಿ ಏನೋ ಅಂದ. ಅದಕ್ಕೆ ಪೇಮಾಳ ಕನ್ನಡ ಬೇಕಿರಲಿಲ್ಲ.

ದೀಪಾವಳಿಗೆ ಮುಂಚೆಯೇ ಆಸಾಮಿ ಊರು ಬಿಟ್ಟ. ಟೀಮೂ ಚೆದುರಿತು. ಈಗ ಆ ಸ್ಕೂಲಿನಲ್ಲಿ ಹುಡುಗಿಯರು ಚೆಂಡು ಒದೆಯುವುದೇ ಇಲ್ಲ.

ಮೊನ್ನೆ ಮೊಬೈಲಿನಲ್ಲಿ ಅವನನ್ನು ಕಂಡೆ. ಇನ್ನೊಂದು ದೇಶದಲ್ಲಿ ಮ್ಯಾನೇಜರ್. ಪರಿಚಯದಲ್ಲಿ ಭಾರತದ ಹಳ್ಳಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಿದವನೆಂದು ಬರೆಸಿಕೊಂಡಿದ್ದಾನೆ. ಕಲಿಸಿದನಂತೆ, ಅವನ ತಲೆ! ಹೋದಲ್ಲೆಲ್ಲ ಸೋತವನಿಗೆ ಐದನೆಯ ದೇಶವೂ ಸಿಕ್ಕಿದೆ. ಒಂದೇ ಒಂದು ಗೋಲು ಬಿಟ್ಟ ನನ್ನನ್ನು ಮತ್ತೆ ಯಾರೂ ಕಂಬಗಳ ನಡುವೆ ನಿಲ್ಲಿಸಲಿಲ್ಲ.