ಅಮ್ಮ ಪಾಠ ಒಪ್ಪಿಸಿಕೊಂಡದ್ದು

ನಲವತ್ತಾರನೇ ವಯಸ್ಸಿನಲ್ಲಿ ಇಂಗ್ಲಿಷ್ ಪದಗಳ ಅರ್ಥ ಬಾಯಿಪಾಠ ಮಾಡುವ ಗತಿ ನನಗೆ ಬಂತು. ಬ್ಯಾಂಕಿನ ಬಡ್ತಿ ಪರೀಕ್ಷೆಗೆ ಅದು ಬೇಕಿತ್ತು. ಹಿಂದಿನ ಸಲ ಇಂಗ್ಲಿಷಿನಲ್ಲೇ ಫೇಲಾಗಿದ್ದೆ. ಇದು ಕೊನೆಯ ಅವಕಾಶ. ತರಬೇತಿಯವರು ಕೊಟ್ಟ ಪಟ್ಟಿ ನೋಡಿದರೇ ಮೈ ಉರಿಯುತ್ತಿತ್ತು. ಅದರಲ್ಲಿದ್ದ ಒಂದು ಪದವನ್ನೂ ಯಾವ ಗಿರಾಕಿಯೂ ನನ್ನ ಕೌಂಟರಿನಲ್ಲಿ ಆಡಿದ್ದಿಲ್ಲ.

ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳಲು ಪುರುಸೊತ್ತಿದ್ದವಳು ಅಮ್ಮ ಒಬ್ಬಳೇ. ಮಗಳನ್ನು ಕೇಳಿದರೆ ತಮಿಳಿನಲ್ಲೇ "ಪೋಮ್ಮಾ", ಹೋಗಮ್ಮಾ ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಳು. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಪದವನ್ನೂ ಅರ್ಥವನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಟ್ಟೆ. ಬೆಳಿಗ್ಗೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದರೆ, ಅವಳು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳುತ್ತಿದ್ದಳು. ತಪ್ಪಿದರೆ ಬಿಡುತ್ತಿರಲಿಲ್ಲ.

ಪರೀಕ್ಷೆಗೆ ಮೂರು ದಿನವಿತ್ತು. ಅಂದು ಅವಳಿಗೆ ಎದ್ದಾಗಿನಿಂದ ಹೊಟ್ಟೆ ಸರಿಯಿರಲಿಲ್ಲ. ಆದರೂ ಹಾಳೆ ಹಿಡಿದು ಕೂತಳು.

"ರಿವಲ್ಷನ್. ಹೇಳು."

"ಹೇಸಿಗೆ, ಅಸಹ್ಯ, ಜುಗುಪ್ಸೆ" ಎಂದು ಗಿಳಿಯ ಹಾಗೆ ಉದುರಿಸಿದೆ.

"ಕರೆಕ್ಟು ಕಣೇ. ಇನ್ನೊಂದು..." ಎಂದವಳು ಮಾತು ಮುಗಿಸುವ ಮೊದಲೇ ಮಡಿಲ ತುಂಬ ವಾಂತಿ ಮಾಡಿಕೊಂಡಳು.

ಓಡಿಹೋಗಿ ಮೊದಲು ಹಾಳೆಗಳನ್ನು ಕಿತ್ತುಕೊಂಡೆ. ಅವಳು ಕುರ್ಚಿಯ ಕೈ ಹಿಡಿದು ಇನ್ನೂ ಓಕರಿಸುತ್ತಿದ್ದಳು. ಹುಳಿ ವಾಸನೆಗೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು, ಹಾಳೆಗಳನ್ನು ಕಟ್ಟೆಯ ಮೇಲೆ ಹರಡಿ ಒಂದೊಂದಾಗಿ ಒರೆಸಿದೆ. ಒಟ್ಟು ಆರು ಹಾಳೆ. ಆರನೆಯದು ಮುಗಿದ ಮೇಲೆ ಅವಳ ಹತ್ತಿರ ಹೋದೆ.

ಬಾಯಿ ಒರೆಸುವಾಗ ಅವಳು ಕೇಳಿದಳು: "ಬರ್ದಿದ್ದೆಲ್ಲಾ ಹಾಳಾಗ್ಹೋಯ್ತೇನೇ? ಫ್ಯಾನ್ ಕೆಳಗೆ ಹಾಕು, ಒಣಗತ್ತೆ. ಆಮೇಲೆ ಕೇಳ್ತೀನಿ."

ಛೀ, ನಾನೂ ಒಬ್ಬಳು ಮಗಳು!

ಪರೀಕ್ಷೆ ಪಾಸಾಯಿತು. ಆ ಪದ ಪ್ರಶ್ನೆಪತ್ರಿಕೆಯಲ್ಲಿ ಬರಲೇ ಇಲ್ಲ. ಫಲಿತಾಂಶ ಬಂದ ಸಂಜೆ ಅಮ್ಮ ಎದುರುಮನೆಯ ಮಾಮಿಗೆ ಮೈಸೂರುಪಾಕು ಕೊಟ್ಟು, ತನ್ನ ಅರೆಬರೆ ತಮಿಳಿನಲ್ಲಿ, ಇವಳನ್ನು ಓದಿಸಿದ್ದು ನಾನೇ ಎಂದು ಬೀಗುತ್ತಿದ್ದಳು. ನನ್ನ ಕೈಗೂ ಒಂದು ತುಂಡು ಇಟ್ಟಳು. ಬಾಯಿಗೆ ಹಾಕಿಕೊಂಡಾಗ ಆ ಆರು ಹಾಳೆ ನೆನಪಾದವು; ಬಚ್ಚಲಿಗೆ ಹೋಗಿ ಉಗಿದು ಬಂದೆ.