ಮಗ್ಗಕ್ಕೆ ಕಟ್ಟಿದ ಗುಂಡು

ದೆವ್ವ, ದೃಷ್ಟಿ, ಗಾಳಿ ಎಂದು ಯಾರಾದರೂ ಶುರುಮಾಡಿದರೆ ಎದುರಿಗೇ ನಗುತ್ತಿದ್ದವನು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಎಂಬತ್ತರ ದಶಕದಲ್ಲಿ ನನ್ನ ಅಕ್ಕನ ಮನೆಯಲ್ಲಿ ನಡೆದದ್ದನ್ನು ಏನೆಂದು ಕರೆಯಲಿ, ನೀವೇ ಹೇಳಿ.

ಅಕ್ಕನನ್ನು ತಮಿಳುನಾಡಿನ ಅನ್ನೂರಿನ ಹತ್ತಿರ, ತಮಿಳು ಬೆರೆಸಿ ಕನ್ನಡ ಮಾತಾಡುವ ನೇಕಾರರ ಮನೆಗೆ ಕೊಟ್ಟಿದ್ದೆವು. ಹಾಸುನೂಲು ಬಿಗಿಯಾಗಿರಲಿ ಎಂದು ಮಗ್ಗದ ಹಗ್ಗಕ್ಕೆ ಒಂದು ಭಾರ ತೂಗುಹಾಕುತ್ತಾರೆ. ಅದಕ್ಕೆಂದು ಬಾವ ಕೊಯಮತ್ತೂರಿನ ಗುಜರಿಯಿಂದ ಬೂದುಬಣ್ಣದ ಲೋಹದ ಗುಂಡೊಂದನ್ನು ತಂದಿದ್ದ. ತೆಂಗಿನಕಾಯಿಯಷ್ಟೇ ಗಾತ್ರ, ಎತ್ತಲು ಹೋದರೆ ಸೊಂಟ ಹಿಡಿಯಬೇಕು. ಬಸುರಿ ಅಕ್ಕ ದಿನವಿಡೀ ಅದರ ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದಳು.

ಆಯುಧಪೂಜೆಗೆ ನಾನು ಗೆಳೆಯನ ಕ್ಯಾಮೆರಾ ಹಿಡಿದು ಹೋದೆ. ಎಲ್ಲರ ಫೋಟೊ ತೆಗೆದೆ. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲವಲ್ಲ! ಅಕ್ಕನ ಅತ್ತೆ ಕ್ಯಾಮೆರಾವನ್ನೂ ಕಿತ್ತುಕೊಂಡು, ಕುಂಕುಮವಿಟ್ಟು, ಪೂಜೆಗೆಂದು ಬಿಚ್ಚಿ ಇಳಿಸಿಟ್ಟಿದ್ದ ಆ ಗುಂಡಿಗೇ ಒರಗಿಸಿದರು.

"ಇದುವೂ ಆಯುಧ ತಾನೆ ತಂಬಿ, ಇರ್ಲಿ ಬಿಡು."

ಊರಿಗೆ ಬಂದು ರೋಲು ತೊಳೆಸಿದರೆ ಒಂದು ಮುಖವೂ ಇಲ್ಲ, ಎಲ್ಲ ಮಂಜು ಕವಿದ ಹಾಗೆ. ಸ್ಟುಡಿಯೊದವನು ಬೆಳಕು ಹೊಕ್ಕಿದೆ ಎಂದ. ಇರಬಹುದು ಎಂದು ಸುಮ್ಮನಾದೆ. ಆಮೇಲೆ ಪತ್ರಿಕೆಯಲ್ಲಿ ಅಣುತ್ಯಾಜ್ಯದ ಬಗ್ಗೆ ಓದುವಾಗ ಆ ಗುಂಡು ನೆನಪಾಯಿತು. ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲವಂತೆ. ಮುಚ್ಚಿಟ್ಟ ಫಿಲ್ಮನ್ನೂ ಕೆಡಿಸುತ್ತದಂತೆ. ನೀರು, ಮಣ್ಣು, ಗರ್ಭದ ಕೂಸು, ಯಾವುದನ್ನೂ ಬಿಡುವುದಿಲ್ಲವಂತೆ.

ಸಿಕ್ಕಿದ ಬಸ್ಸು ಹತ್ತಿ ಓಡಿದೆ. ಮಗ್ಗದಲ್ಲಿ ಕಲ್ಲು ತೂಗುತ್ತಿತ್ತು.

"ಗುಂಡು ಎಲ್ಲಿ ಬಾವಾ?"

"ಅದ್ಯಾಕೆ ಮಚ್ಚಾ ಈಗ? ಹಗ್ಗ ಎಲ್ಲಾ ತಿಂದಾಕ್ತಿತ್ತು. ಪಳೇ ಇರುಂಬುಕಾರನಿಗೆ ಹಾಕ್ಬಿಟ್ಟೆ."

ಅವನ ಅಂಗೈ ಚರ್ಮ ಸುಲಿದಿತ್ತು. ಕೇಳಿದ್ದಕ್ಕೆ, "ನೇಯೋ ಕೈ ತಾನೆ" ಎಂದು ನಕ್ಕ.

ಆ ತಿಂಗಳೇ ಅಕ್ಕನ ಕೂಸು ಹೊಟ್ಟೆಯಲ್ಲೇ ಹೋಯಿತು. ರಕ್ತ ಸಾಲದು ಎಂದರು ಡಾಕ್ಟರು. ಅವರು ಹೇಳಿದ್ದೂ ನಿಜವಿರಬಹುದು, ಸ್ಟುಡಿಯೊದವನು ಹೇಳಿದ್ದೂ ನಿಜವಿರಬಹುದು. ನನ್ನ ಸಂಶಯ ಮಾತ್ರ ಇವತ್ತಿಗೂ ಹೋಗಿಲ್ಲ.

ಬಾವ ಗುಂಡು ಮಾರಿದ್ದ ಆ ಹಳೇ ಕಬ್ಬಿಣದವನನ್ನು ಹುಡುಕಿ ಹಿಡಿದೆ. ಆಗಲೇ ಕರಗಿಸಲು ಕಳಿಸಿದ್ದನಂತೆ. ಕರಗಿಸಿ ಏನು ಮಾಡಿದರಪ್ಪಾ ಎಂದು ಕೂಗಾಡಿದೆ. ಅವನು ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿ, ಯಾರಿಗೆ ಗೊತ್ತು ಸಾರ್, ಯಾವುದೋ ಮನೆಗೆ ಸಾಮಾನಾಗಿ ಹೋಗಿರುತ್ತದೆ ಎಂದ.