ಸೇಡಂ ಮನೆಯ ಮಡಿ

ನಮ್ಮ ಕಾಕಾ ತೀರಿಕೊಂಡು ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಂಡಿದ್ದೇನೆ.

ವಾಡಿಯಲ್ಲಿ ನೌಕರಿಗಿದ್ದ ನನ್ನ ಅಣ್ಣ ಏಡ್ಸ್‌ನಿಂದ ಸತ್ತಾಗ ನಾನು ಚಿಂಚೋಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವನ ಹೆಂಡತಿ, ನನ್ನ ವೈನಿಯ ರಕ್ತದಲ್ಲೂ ಎಚ್‌ಐವಿ ಇದೆಯೆಂದು ಗೊತ್ತಾಯಿತು. ರೋಗ ತಂದವನು ಅಣ್ಣ. ಸೇಡಂನ ನಮ್ಮ ಮನೆಯಲ್ಲಿ ಬೈಸಿಕೊಂಡವಳು ವೈನಿ. ಗಂಡನನ್ನು ನುಂಗಿದವಳು ಎಂದರು. ಅವಳ ತಾಟು, ತಂಬಿಗೆ ಬೇರೆಯಾದವು. ಮಲಗಲು ಹಿತ್ತಲಿನ ಕಟ್ಟಿಗೆ ಕೋಣೆ ಕೊಟ್ಟರು.

ಹತ್ತನೆಯ ದಿನ ಅಣ್ಣನಿಗಿಂತ ಕಿರಿಯ ಗಂಡಸರು ತಲೆ ಬೋಳಿಸಿಕೊಳ್ಳಲು ಬಾವಿಕಟ್ಟೆಯ ಹತ್ತಿರ ಸಾಲಾಗಿ ಕುಳಿತರು. ಎಲ್ಲರಿಗೂ ಒಂದೇ ಬ್ಲೇಡು. ಒಬ್ಬನ ನೆತ್ತಿ ಕೊಯ್ದು ರಕ್ತ ಬಂತು. ಅದೇ ಬ್ಲೇಡನ್ನು ನೀರಲ್ಲಿ ಅದ್ದಿ ಮುಂದಿನವನ ತಲೆಗೆ ಹಚ್ಚಿದರು. ತಡೆಯಲಾರದೆ ಹೋಗಿ, ಒಬ್ಬೊಬ್ಬರಿಗೆ ಬೇರೆ ಬೇರೆ ಬ್ಲೇಡು ತರಿಸಿ ಎಂದೆ. ಕಾಕಾ ನಕ್ಕ.

“ಎಲ್ಲಾರೂ ನಮ್ಮ ಮನಿತನದವರೇ ಅದಾರ. ಮಡೀಲೆ ಕುಂತಾರ. ನೀ ಒಳಗ ನಡಿ.”

ಥೂ, ಎಂಥ ಬುದ್ಧಿ! ಹೆಂಗಸಿನ ತಂಬಿಗೆಗೆ ಹೆದರುವವರು ರಕ್ತ ಹತ್ತಿದ ಬ್ಲೇಡಿಗೆ ತಲೆ ಕೊಡುತ್ತಿದ್ದರು. ಅಲ್ಲೇ ನಿಂತು ಪಾಠ ಹೇಳಿದೆ: ಈ ವೈರಸ್ ಸೋಂಕಿದವರ ರಕ್ತದಿಂದ, ನಿರೋಧ್ ಇಲ್ಲದ ಸಂಭೋಗದಿಂದ, ಇನ್ನೊಬ್ಬರಿಗೆ ಚುಚ್ಚಿದ ಸೂಜಿಯಿಂದ, ತಾಯಿಯಿಂದ ಕೂಸಿಗೆ ಬರುತ್ತದೆ; ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಸಂಭೋಗ ಎಂಬ ಮಾತನ್ನು ಮನೆಮಗಳ ಬಾಯಲ್ಲಿ ಕೇಳಿ ಎಲ್ಲರೂ ನೆಲ ನೋಡಿದರು. ಕ್ಷೌರ ಮಾತ್ರ ನಡೆದೇ ಇತ್ತು.

ಕರ್ಮವೆಲ್ಲ ಮುಗಿದ ಮರುದಿನ ಕಾಕಾ ವೈನಿಯನ್ನು ಚಿತ್ತಾಪುರದ ತವರಿಗೆ ಕಳಿಸುವ ಮಾತು ತೆಗೆದ. ಅಲ್ಲಿ ಅವಳ ಅಣ್ಣಂದಿರೂ ಬೇಡವೆಂದಿದ್ದು ಮನೆಗೆಲ್ಲ ಗೊತ್ತಿತ್ತು. ಪಡಸಾಲೆಯಲ್ಲಿ ಎಲ್ಲರೆದುರು ಜಗಳಕ್ಕೆ ನಿಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಕಾಕಾನ ಮುಖಕ್ಕೇ ಅಂದೆ. ಅವನು ಪಡಸಾಲೆಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ ಅಂದ:

“ಅಕೀ ಕೈಲೆ ಮಾಡಿದ್ದು ಯಾರರೆ ಒಬ್ಬರು ಉಣ್ರಿ. ಆಮ್ಯಾಲೆ ಅಕೀ ಇಲ್ಲೇ ಇರಲಿ, ನಾ ಬ್ಯಾಡ ಅನ್ನಂಗಿಲ್ಲ.”

ವೈನಿ ಒಳಗೆ ಹೋಗಿ ಅವಲಕ್ಕಿ ಹಚ್ಚಿಕೊಂಡು ಬಂದಳು. ಬೇರೆ ಯಾರ ಕಡೆಗೂ ನೋಡಲಿಲ್ಲ. ನೇರ ನನ್ನ ಮುಂದೆ ತಾಟು ಇಟ್ಟು ನಿಂತಳು. ಕೈ ಚಾಚಬೇಕು ಅಂದುಕೊಂಡೆ. ಕೈ ಏಳಲಿಲ್ಲ.

“ಇವತ್ತ ನಂದು ಒಪ್ಪತ್ತದ, ವೈನಿ,” ಅಂದೆ.

ನಾನು ಜನ್ಮದಲ್ಲಿ ಒಪ್ಪತ್ತು ಹಿಡಿದವಳಲ್ಲ. ವೈನಿಗೆ ಅದು ಗೊತ್ತಿತ್ತು. ತಾಟು ಎತ್ತಿಕೊಂಡು ಹಿತ್ತಲಿಗೆ ಹೋದಳು, ಮಧ್ಯಾಹ್ನದ ಬಸ್ಸಿಗೆ ಚಿತ್ತಾಪುರಕ್ಕೆ ಹೋದಳು.